ರಿಪೋರ್ಟ್ ಬರೆಯಲು, ರಿಸರ್ಚ್ ಪೇಪರ್ ಓದಲು ಹೇಗೆ ಕಲಿಸ್ತೀರಿ?

ಪ್ರಶ್ನೆ (ಮಂಗಳೂರು): ಇಂಜಿನಿಯರಿಂಗ್ ಮಕ್ಕಳಿಗೆ ತಾಂತ್ರಿಕ ಬರವಣಿಗೆಯ ಕ್ಲಾಸ್ ಈ ಸಲ ನನ್ನ ಪಾಲಿಗೆ ಬಂದಿದೆ. ರಿಪೋರ್ಟ್ ಬರೆಯಿರಿ ಅಂದರೆ ಹಳೇ ಬ್ಯಾಚಿನದ್ದನ್ನೇ ಹೆಸರು ಬದಲಿಸಿ ತರ್ತಾರೆ. ಪೇಪರ್ ಕೊಟ್ಟರೆ ಅಬ್‌ಸ್ಟ್ರಾಕ್ಟ್ (ಮೊದಲಿಗೆ ಬರುವ ಸಾರಾಂಶ) ದಾಟೋದಿಲ್ಲ. ಕಲಿಸಿದವರು ಅನುಭವ ಹೇಳ್ತೀರಾ?

ಸುರತ್ಕಲ್‌ನಿಂದ: ಮೇಡಂ, ರಿಪೋರ್ಟಿನಿಂದ ಶುರು ಮಾಡಬೇಡಿ. ನಾನು ಮೊದಲು ಬರೆಸೋದು ವರ್ನಿಯರ್ ಕ್ಯಾಲಿಪರ್ (ಸಣ್ಣ ಅಳತೆ ತೆಗೆಯುವ ಉಪಕರಣ) ಬಳಸುವ ಕ್ರಮ, ಅರ್ಧ ಪುಟ. ಅದನ್ನು ಫಸ್ಟ್ ಇಯರ್ ಹುಡುಗನ ಕೈಗೆ ಕೊಡ್ತೇನೆ. ಬರೆದವರು ಪಕ್ಕದಲ್ಲೇ ನಿಲ್ಲಬೇಕು, ಬಾಯಿ ಬಿಡುವ ಹಾಗಿಲ್ಲ. ಒಬ್ಬಳು ‘ಝೀರೋ ಎರರ್ ನೋಡಿಕೊಂಡು ಅಳೆಯಿರಿ’ ಅಂತ ಬರೆದಿದ್ದಳು. ಹುಡುಗ ಕ್ಯಾಲಿಪರನ್ನು ತಿರುಗಿಸಿ ತಿರುಗಿಸಿ ನೋಡಿದ, ಏನು ನೋಡಬೇಕೆಂದೇ ಗೊತ್ತಾಗಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ, ಹಾಳೆ ಕಿತ್ತುಕೊಂಡು ತಿದ್ದಿದಳು: ‘ದವಡೆ ಎರಡನ್ನೂ ಪೂರ್ತಿ ಮುಚ್ಚಿ. ಎರಡೂ ಪಟ್ಟಿಯ ಸೊನ್ನೆ ಒಂದೇ ಗೆರೆಗೆ ಬಂತಾ ನೋಡಿ. ಬಾರದಿದ್ದರೆ ವ್ಯತ್ಯಾಸ ಬರೆದಿಟ್ಟುಕೊಳ್ಳಿ.’ ನಾನು ಏನೂ ಹೇಳಬೇಕಾಗಲಿಲ್ಲ. ಇದಕ್ಕೆ ಹಳೇ ಬ್ಯಾಚಿನ ಕಾಪಿಯೂ ಸಿಗೋದಿಲ್ಲ.

ಮಣಿಪಾಲದಿಂದ: ಓದಿಸೋದಕ್ಕೆ ನನ್ನ ಮದ್ದು ಒಂದೇ, ಬಿದ್ದುಹೋದ ಪೇಪರ್ ಓದಿಸೋದು. 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಪೇಪರ್ ಉಂಟಲ್ಲ, ಅದು. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ಪಡೆಯಿತು. ಇದನ್ನು ಮೊದಲೇ ಹೇಳಬೇಡಿ. ಮೆಥಡ್ಸ್, ರಿಸಲ್ಟ್ಸ್ ಭಾಗ ಮಾತ್ರ ಕೊಟ್ಟು ಕೇಳಿ: ಎಷ್ಟು ಮಕ್ಕಳು? ಲಸಿಕೆಯ ಮಾತು ಯಾರು ಹೇಳಿದ್ದು? ಇದ್ದದ್ದು 12 ಮಕ್ಕಳು, ಅದರಲ್ಲಿ 8 ಮಕ್ಕಳ ಹೆತ್ತವರು ಲಸಿಕೆಯ ನಂತರ ತೊಂದರೆ ಶುರುವಾಯಿತು ಅಂದಿದ್ದರು. ಲಸಿಕೆ ಹಾಕಿಸದ ಮಕ್ಕಳ ಜೊತೆ ಹೋಲಿಸಿಯೇ ಇಲ್ಲ. ಇಷ್ಟನ್ನು ನಮ್ಮ ಕ್ಲಾಸಿನ ಮಕ್ಕಳೇ ಹಿಡೀತಾರೆ. ಆದರೆ ವಾಪಸ್ ಪಡೆಯಲು ಪತ್ರಿಕೆ ಕೊಟ್ಟ ಕಾರಣ ಬೇರೆ. ಮಕ್ಕಳನ್ನು ಆರಿಸಿದ ರೀತಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಎರಡರ ಬಗ್ಗೆಯೂ ಬರೆದದ್ದು ಸುಳ್ಳು ಅಂತ ಗೊತ್ತಾಯಿತು. ಅದು ಎಷ್ಟು ಗಮನವಿಟ್ಟು ಓದಿದರೂ ಸಿಗುವಂಥದ್ದಲ್ಲ. ಇದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಓದಿದರೆ ಎಲ್ಲ ಗೊತ್ತಾಗ್ತದೆ ಅಂದುಕೊಳ್ತಾರೆ.

ಕೊಣಾಜೆಯಿಂದ: ಸುಳ್ಯ, ಬೆಳ್ತಂಗಡಿ ಕಡೆಯ ಕನ್ನಡ ಮೀಡಿಯಂ ಮಕ್ಕಳು ಕಾಪಿ ಹೊಡೆಯೋದು ಸೋಮಾರಿತನಕ್ಕಲ್ಲ, ಇಂಗ್ಲಿಷಿನ ಹೆದರಿಕೆಗೆ. ಮಾಡಿದ ಕೆಲಸವನ್ನು ಮೊದಲು ಕನ್ನಡದಲ್ಲೋ ತುಳುವಿನಲ್ಲೋ ಹೇಳಿಸಿ, ಫೋನಲ್ಲೇ ರೆಕಾರ್ಡ್ ಮಾಡಲಿ. ಆಮೇಲೆ ಕೇಳ್ತಾ ಬರೆಯಲಿ. ವಾಕ್ಯ ಸೊಟ್ಟಗಿರಬಹುದು, ಆದರೆ ವಿಷಯ ಅವರದ್ದೇ. ಮತ್ತೆ ಎಲ್ಲರದ್ದನ್ನೂ ಪೂರ್ತಿ ತಿದ್ದಲು ಹೋಗಬೇಡಿ ಮಾರಾಯ್ರೆ, ಒಂದೊಂದು ಪ್ಯಾರಾ ಸಾಕು.

ಪ್ರಶ್ನೆ ಕೇಳಿದವರು: ನಮ್ಮದು ಕಂಪ್ಯೂಟರ್ ಸೈನ್ಸ್. ಕ್ಯಾಲಿಪರ್ ಬದಲು ಏನು ಕೊಡಲಿ?

ಸುರತ್ಕಲ್‌ನಿಂದ: ಪ್ರಿಂಟರ್‌ನಲ್ಲಿ ಸಿಕ್ಕಿಬಿದ್ದ ಕಾಗದ ತೆಗೆಯೋದು ಹೇಗೆ ಅಂತ ಬರೆಸಿ. ನಿಮ್ಮ ಲ್ಯಾಬಲ್ಲಿ ಈಗಲೂ ಒಂದು ಸಿಕ್ಕಿಬಿದ್ದಿರುತ್ತದೆ, ಅಲ್ವಾ?