ಮಧುಗಿರಿ ಬೆಟ್ಟ, ಮಂಜು, ಇಪ್ಪತ್ತು ಜನರ ಗುಂಪು: ಲೆನ್ಸ್ ಮಬ್ಬು, ಫೋಟೊ ಎಲ್ಲಾ ಬೂದು

ಪ್ರಶ್ನೆ (ತುಮಕೂರು)

ನಮಸ್ಕಾರ. ಹೋದ ಭಾನುವಾರ ಇಪ್ಪತ್ತು ಜನರನ್ನು ಮಧುಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಅರ್ಧ ಜನ ಹೊಸಬರು. ಕೋಟೆ ಬಾಗಿಲು ದಾಟುವಷ್ಟರಲ್ಲಿ ಮೋಡ ಇಳಿಯಿತು, ಜೊತೆಗೆ ಜಿಟಿಜಿಟಿ ಮಳೆ. ಹತ್ತು ಮಾರು ಮುಂದಿದ್ದವರೂ ಕಾಣುತ್ತಿರಲಿಲ್ಲ. ದಾರಿ ತೋರಿಸುವವನೂ ನಾನೇ, ಫೋಟೊ ತೆಗೆಯುವವನೂ ನಾನೇ.

ಲೆನ್ಸ್ ಮೇಲೆ ಮಬ್ಬು ಕಟ್ಟಿತು, ಒರೆಸಿದಷ್ಟೂ ಮತ್ತೆ ಬಂತು. ಫೋಕಸ್ ಅತ್ತಿಂದಿತ್ತ ಓಡಾಡುತ್ತಲೇ ಇತ್ತು. ಫೋಟೊಗಳೆಲ್ಲಾ ಬೂದಿ ಬಣ್ಣಕ್ಕೆ ಬಂದಿವೆ. ನಾನು ಫೋಟೊಗೆ ನಿಂತಾಗಲೆಲ್ಲಾ ಗುಂಪು ಎರಡು ಭಾಗ ಆಗುತ್ತಿತ್ತು. ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಎಂಎಂ ಕಿಟ್ ಲೆನ್ಸ್. ಮುಂದಿನ ತಿಂಗಳು ಮತ್ತೆ ಹೋಗಬೇಕು. ಏನು ಬದಲಿಸಲಿ?

ಉತ್ತರ (ಚಿಕ್ಕಬಳ್ಳಾಪುರ)

ಮೊದಲು ಒಂದು ವಿಷಯ ಹೇಳಿ. ಹೋಗುವಾಗ ಗಾಡಿಯಲ್ಲಿ ಎಸಿ ಇತ್ತಾ? ಕ್ಯಾಮೆರಾ ಎಲ್ಲಿತ್ತು?

ಪ್ರಶ್ನೆ ಕೇಳಿದವರು

ಟೆಂಪೊ ಟ್ರಾವೆಲರ್. ಎಸಿ ಇತ್ತು. ಬ್ಯಾಗ್ ಮುಂದಿನ ಸೀಟಿನ ಹತ್ತಿರ, ಗಾಳಿ ಬರುವ ಕಡೆಯೇ ಇತ್ತು.

ಉತ್ತರ (ಚಿಕ್ಕಬಳ್ಳಾಪುರ)

ಹಾಗಾದರೆ ಮಬ್ಬಿಗೆ ಕಾರಣ ಸಿಕ್ಕಿತು. ಎಸಿಯಲ್ಲಿ ತಣ್ಣಗಾದ ಗಾಜಿಗೆ ತೇವದ ಗಾಳಿ ತಗುಲಿದರೆ ಹನಿ ಕಟ್ಟುತ್ತದೆ. ಬ್ಯಾಗಿನ ಸ್ಪಂಜು ಆ ತಂಪನ್ನು ಬಿಟ್ಟುಕೊಡುವುದಿಲ್ಲ, ಅದಕ್ಕೇ ಬೆಟ್ಟ ಹತ್ತುವಾಗಲೂ ಕಾಟ ಕೊಟ್ಟಿದೆ. ಗಾಜು ಹೊರಗಿನ ಬಿಸಿಗೆ ಬರುವ ತನಕ ಎಷ್ಟು ಒರೆಸಿದರೂ ಅಷ್ಟೇ. ಮಧುಗಿರಿ ಅರ್ಧ ಗಂಟೆ ಇರುವಾಗಲೇ ಎಸಿ ನಿಲ್ಲಿಸಿ, ಕಿಟಕಿ ತೆಗೆಸಿ, ಬ್ಯಾಗಿನ ಜಿಪ್ ಬಿಚ್ಚಿಡಿ. ಇನ್ನೊಂದು, ಕಿಟ್ ಲೆನ್ಸ್ ಜೂಮ್ ಮಾಡಿದಾಗಲೆಲ್ಲಾ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸುಮ್ನೆ ಜೂಮ್ ತಿರುಗಿಸುತ್ತಾ ಇರಬೇಡಿ. ಜೂಮ್ 24 ಎಂಎಂ ಆಸುಪಾಸಿನಲ್ಲಿ ಬಿಟ್ಟು ನೀವೇ ಹತ್ತಿರ ಹೋಗಿ. ಮಂಜಿನಲ್ಲಿ ದೂರದ್ದು ಹೇಗೂ ಬರುವುದಿಲ್ಲ.

ಬೂದು ಬಣ್ಣ ಕ್ಯಾಮೆರಾದ ಲೆಕ್ಕಾಚಾರದಿಂದ ಬರುವುದು. ಎದುರಿಗೆ ಏನಿದ್ದರೂ ಅದನ್ನು ನಡುಬೂದಿಗೆ ತರಲು ಅದು ನೋಡುತ್ತದೆ, ಬಿಳಿ ಮಂಜನ್ನೂ ಸೇರಿಸಿ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) +0.7ರಿಂದ +1.3ರ ಒಳಗೆ ಇಡಿ, ಆಮೇಲೆ ತಿದ್ದಲು ಹೆಚ್ಚು ಅವಕಾಶ ಇರುವ ರಾ ಫೈಲ್‌ನಲ್ಲಿ ತೆಗೆಯಿರಿ. ಫೋಕಸ್‌ಗೆ ನಡುವಿನ ಒಂದೇ ಪಾಯಿಂಟ್ ಇಟ್ಟುಕೊಂಡು ಕೆಂಪು ಅಥವಾ ಹಳದಿ ರೇನ್‌ಕೋಟಿನ ಅಂಚಿಗೆ ಹಿಡಿಯಿರಿ, ಗಪ್ಪನೆ ಕೂರುತ್ತದೆ. ಫ್ಲ್ಯಾಶ್ ಮಾತ್ರ ಬೇಡ. ಹತ್ತಿರದ ಹನಿಗಳೆಲ್ಲಾ ಬೆಳಗಿ ಮುಖದ ಮೇಲೆ ಬಿಳಿ ಚುಕ್ಕೆ ಬೀಳುತ್ತವೆ.

ಆದರೆ ನನಗೆ ಜಾಸ್ತಿ ಚಿಂತೆ, ಗುಂಪು ಎರಡು ಭಾಗ ಆಗುತ್ತಿತ್ತು ಅಂದಿರಲ್ಲ, ಆ ಮಾತಿನದು. ಹೊಸಬರಿರುವ ಗುಂಪನ್ನು ಮಂಜಿನಲ್ಲಿ ನಡೆಸುವವರ ಕೈಯಲ್ಲಿ ಕ್ಯಾಮೆರಾ ಇರಲೇಬಾರದು. ನಡೆಯುವಾಗ ಅದು ಬ್ಯಾಗಿನಲ್ಲಿರಲಿ. ಮಧುಗಿರಿಯ ಅನುಕೂಲ ಏನೆಂದರೆ ಒಂದಾದ ಮೇಲೊಂದು ಕೋಟೆ ಬಾಗಿಲು ಸಿಗುತ್ತವೆ. ಪ್ರತಿ ಬಾಗಿಲಲ್ಲೂ ಎಲ್ಲರೂ ಸೇರುವ ತನಕ ನಿಲ್ಲಿ, ತಲೆ ಎಣಿಸಿ. ಆಮೇಲೆ ಕ್ಯಾಮೆರಾ ತೆಗೆಯಿರಿ. ಒಂದೇ ಕಡೆ ನಿಂತರೆ ಫೋಟೊಗೂ ಒಳ್ಳೆಯದು. ಮಂಜು ಒಂದೇ ಸಮ ಇರುವುದಿಲ್ಲ, ನಿಮಿಷಕ್ಕೊಮ್ಮೆ ತೆಳುವಾಗುತ್ತದೆ. ಕಮಾನಿನೊಳಗಿಂದ ನೋಡುತ್ತಿದ್ದರೆ ಹೊರಗಿನ ಗೋಡೆ, ಮೆಟ್ಟಿಲು, ಅದರ ಮೇಲಿನ ಜನ ಒಂದು ಕ್ಷಣ ಕಾಣಿಸಿ ಮುಚ್ಚಿಹೋಗುತ್ತಾರೆ. ಓಡುತ್ತಾ ತೆಗೆದರೆ ಅದು ಸಿಗುವುದಿಲ್ಲ. ನಡೆಯುವಾಗಿನ ಫೋಟೊನೂ ಬೇಕು ಅಂದರೆ ಅಭ್ಯಾಸ ಇರುವ ಮೂರನೆಯವರಿಗೆ ಕ್ಯಾಮೆರಾ ಕೊಡಿ. ಮುಂದೆ ನೀವು, ಕೊನೆಯಲ್ಲಿ ಸೀಟಿ ಹಿಡಿದ ಒಬ್ಬರು. ನಿಮ್ಮನ್ನು ಯಾರೂ ದಾಟಬಾರದು, ಕೊನೆಯವರ ಹಿಂದೆ ಯಾರೂ ಉಳಿಯಬಾರದು.

ಬಂಡೆಯ ಮೇಲೆ ನೀರು ಹರಿದು ಕಪ್ಪು ಪಟ್ಟೆ ಬಿದ್ದಿರುತ್ತದಲ್ಲ, ಅದನ್ನು ಹೊಸಬರಿಗೆ ಕೆಳಗೇ ತೋರಿಸಿ. ಅದು ಪಾಚಿಯ ಜಾತಿಯ ಪದರ. ಒಣಗಿದಾಗ ಬಣ್ಣದ ಹಾಗೆ ಇರುತ್ತದೆ, ನೆನೆದರೆ ಲೋಳೆ. ಪಕ್ಕದ ತಿಳಿ ಬಣ್ಣದ ಕಲ್ಲು ಒದ್ದೆಯಾದರೂ ಹರಳು ಹರಳಾಗಿ ಕಾಲಿಗೆ ಹಿಡಿತ ಕೊಡುತ್ತದೆ. ಇಳಿಯುವಾಗ ಇದು ಇನ್ನೂ ಮುಖ್ಯ.

ಇನ್ನೊಂದು ಉತ್ತರ (ಕೋಲಾರ)

ಮೇಲಿನದಕ್ಕೆ ಗುಡುಗಿನ ವಿಷಯ ಸೇರಿಸುತ್ತೇನೆ. ಮಧುಗಿರಿಯ ಮೇಲ್ಭಾಗ ಬೋಳು ಬಂಡೆ, ಹಿಡಿದುಕೊಳ್ಳಲು ಇರುವುದು ಕಬ್ಬಿಣದ ಕಂಬಿ. ಸಿಡಿಲು ಬರುವಾಗ ಇರಬಾರದ ಜಾಗ ಅದೇ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಮಂಜಿನಲ್ಲಿ ಮಿಂಚು ಕಾಣುವುದಿಲ್ಲ, ಆದ್ದರಿಂದ ಗುಡುಗು ಕೇಳಿದ ತಕ್ಷಣ ಕಂಬಿ ಬಿಟ್ಟು ಕೆಳಗೆ ಹೊರಡಿ. ಒಂಟಿ ಮರದಡಿ ನಿಲ್ಲಬೇಡಿ, ಕೋಟೆಯ ಬಾಗಿಲು, ಮಂಟಪಗಳೂ ಸಿಡಿಲಿನಿಂದ ಕಾಪಾಡುವುದಿಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಹತ್ತಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ, ಫೋನಿಗೆ ಹಾಕಿಕೊಳ್ಳಿ. ನಮ್ಮ ಕಡೆ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಜಾಸ್ತಿ. ಬೆಳಿಗ್ಗೆ ಬೇಗ ಹತ್ತಿ ಬೇಗ ಇಳಿಯಿರಿ.

ಪ್ರಶ್ನೆ ಕೇಳಿದವರು

ಎಸಿ ವಿಷಯ ತಲೆಗೇ ಹೊಳೆದಿರಲಿಲ್ಲ, ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ. ತುದಿ ಮುಟ್ಟದೆ ವಾಪಸ್ ಅಂದರೆ ದುಡ್ಡು ಕೊಟ್ಟು ಬಂದವರು ಬೇಸರ ಮಾಡಿಕೊಳ್ಳುತ್ತಾರಲ್ಲ?

ಉತ್ತರ (ಚಿಕ್ಕಬಳ್ಳಾಪುರ)

ಮಾಡಿಕೊಳ್ಳುತ್ತಾರೆ. ಅದಕ್ಕೇ ಹಿಂದಿನ ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲೇ ಬರೆದುಬಿಡಿ: ಕಂಬಿ ಶುರುವಾಗುವ ಮುಂಚಿನ ಬಾಗಿಲಲ್ಲಿ ತೀರ್ಮಾನ, ಗುಡುಗು ಕೇಳಿದರೆ ಅಥವಾ ಬಂಡೆ ಮೇಲೆ ನೀರು ಹರಿಯುತ್ತಿದ್ದರೆ ಅಲ್ಲಿಂದಲೇ ವಾಪಸ್. ಮೊದಲೇ ಗೊತ್ತಿದ್ದರೆ ಅಲ್ಲಿ ವಾದ ಆಗುವುದಿಲ್ಲ. ಆ ದಿನದ ಗುಂಪು ಫೋಟೊನೂ ಆ ಬಾಗಿಲಲ್ಲೇ ತೆಗೆದುಬಿಡಿ, ತುದಿಗೆ ಅಂತ ಉಳಿಸಿಕೊಳ್ಳಬೇಡಿ.