ವೈದ್ಯ, ವಂದಿ, ಸಾರಥಿ: ನೆರವಿನ ಪಾತ್ರ ಆಡುವವರಿಗೆ ಬೇಸರ ಬಾರದಂತೆ ನೀವು ಏನು ಮಾಡಿದಿರಿ?

ಕೇಳಿದವರು:

ನಾವು ಐದು ಜನ ಗೆಳೆಯರು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕತೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ ನಿಯಮಗಳ ಮೇಲೆ ನಮ್ಮದೇ ಒಂದು ಲೋಕ ಕಟ್ಟಿಕೊಂಡು ಆಡುತ್ತಿದ್ದೇವೆ. ಕತ್ತಿ ಹಿಡಿಯುವವರಿಗೂ ಬೆಂಕಿ ಎಸೆಯುವವರಿಗೂ ಕೊರತೆಯಿಲ್ಲ. ಜೊತೆಗಾರರಿಗೆ ನೆರವಾಗುವ ಮೂರು ಕ್ಲಾಸ್‌ಗಳನ್ನು, ಅಂದರೆ ಪಾತ್ರದ ಬಗೆಗಳನ್ನು, ನಾನು ಹೊಸದಾಗಿ ಬರೆದೆ: ಗಾಯ ಮಾಯಿಸುವ ವೈದ್ಯ, ಹಾಡಿ ಹುರಿದುಂಬಿಸುವ ವಂದಿ, ಜೊತೆಗಾರರನ್ನು ರಣರಂಗದಲ್ಲಿ ಬೇಕಾದ ಕಡೆಗೆ ಸರಿಸುವ ಸಾರಥಿ. ಕಳೆದ ಭಾನುವಾರ ಮೊದಲ ಪರೀಕ್ಷೆ. ವೈದ್ಯನಾದ ಗೆಳೆಯ ಎರಡನೆಯ ಕಾಳಗದ ಹೊತ್ತಿಗೆ ಮೊಬೈಲ್ ತೆಗೆದಿದ್ದ. ಸರದಿ ಬಂದಾಗ "ಯಾರಿಗೆ ಹೆಚ್ಚು ಏಟು ಬಿದ್ದಿದೆ?" ಎಂದು ಕೇಳಿ, ದಾಳ ಉರುಳಿಸಿ, ಮತ್ತೆ ಮೊಬೈಲ್‌ಗೆ ಮರಳುತ್ತಿದ್ದ. ವಂದಿ ಹಾಡುವಾಗ ಎಲ್ಲರ ದಾಳಿಯ ದಾಳಕ್ಕೂ ಎರಡು ಸೇರಬೇಕು ಎಂದು ಬರೆದಿದ್ದೆ. ಅರ್ಧ ಸಲ ಯಾರಿಗೂ ಅದು ನೆನಪೇ ಆಗಲಿಲ್ಲ. ಸಾರಥಿಯಿಂದ ಮಾತ್ರ ಬೇಸರ ಬರಲಿಲ್ಲ, ಜಗಳ ಬಂತು. ಇಂಥ ಪಾತ್ರಗಳನ್ನು ಬರೆದವರು, ಆಡಿದವರು ತಮ್ಮ ಅನುಭವ ಹೇಳಿ.

2008ರಿಂದ ಆಟ ನಡೆಸುತ್ತಿರುವವನು:

ಗೆಳೆಯನನ್ನು ದೂರಬೇಡಿ. ಅವನಿಗೆ ನೀವು ಕೆಲಸ ಕೊಟ್ಟಿದ್ದೀರಿ, ಯೋಚನೆಗೆ ಏನನ್ನೂ ಕೊಟ್ಟಿಲ್ಲ. ಯಾರಿಗೆ ಹೆಚ್ಚು ಏಟು ಬಿದ್ದಿದೆ ಎಂಬ ಪ್ರಶ್ನೆಗೆ ಪ್ರತಿ ಸಲವೂ ಒಂದೇ ಸರಿಯುತ್ತರ. ಅಷ್ಟಕ್ಕೆ ಮನುಷ್ಯ ಏಕೆ ಬೇಕು?

ಲೆಕ್ಕ ನೋಡಿ. ಐದನೆಯ ಆವೃತ್ತಿಯ 2014ರ ನಿಯಮದಲ್ಲಿ ಗಾಯ ಮಾಯಿಸುವ ಮೊದಲ ಹಂತದ ಮಂತ್ರ ಕ್ಯೂರ್ ವೂಂಡ್ಸ್ ಎಂದರೆ ಎಂಟು ಮುಖದ ಒಂದು ದಾಳ, ಅದರ ಮೇಲೆ ಮೂರೋ ನಾಲ್ಕೋ. ಸರಾಸರಿ ಎಂಟರ ಆಸುಪಾಸು. ಓಗರ್ ಎಂಬ ದೈತ್ಯ ಒಮ್ಮೆ ಗದೆ ಬೀಸಿದರೆ ಸರಾಸರಿ 13. ಇಡೀ ಸರದಿ ಕಳೆದು ಎಂಟು ತುಂಬಿಸುವುದು, ಮರುಗಳಿಗೆಯಲ್ಲೇ ಹದಿಮೂರು ಸೋರುವುದು. ಒಡಕು ಕೊಡಕ್ಕೆ ನೀರು ಹೊತ್ತ ಹಾಗೆ. ಇನ್ನೊಂದು ಕಡೆ, ಸೊನ್ನೆಗಿಳಿದು ಬಿದ್ದವನಿಗೆ ಒಂದೇ ಒಂದು ಹಿಟ್ ಪಾಯಿಂಟ್, ಅಂದರೆ ಪ್ರಾಣಾಂಕ, ಸಿಕ್ಕರೂ ಎದ್ದು ಮೊದಲಿನ ಬಲದಲ್ಲೇ ಹೊಡೆಯುತ್ತಾನೆ. ಆದ್ದರಿಂದ ಜಾಣ ವೈದ್ಯ ಜೊತೆಗಾರ ಬೀಳುವ ತನಕ ಸುಮ್ಮನಿದ್ದು, ಬಿದ್ದ ಮೇಲೆ ಅರವತ್ತು ಅಡಿ ದೂರದಿಂದಲೇ ಹೀಲಿಂಗ್ ವರ್ಡ್ ಮಂತ್ರ ಕೂಗುತ್ತಾನೆ. ಬೀಳು, ಏಳು, ಮತ್ತೆ ಬೀಳು. 2024ರ ಪರಿಷ್ಕೃತ ನಿಯಮದಲ್ಲಿ ಈ ಎರಡೂ ಮಂತ್ರಗಳ ದಾಳವನ್ನು ಇಮ್ಮಡಿ ಮಾಡಿದರು. ಸ್ವಲ್ಪ ಹಿತವಾಯಿತು, ಬೀಳುವ ಏಳುವ ಆಟವೇನೂ ನಿಲ್ಲಲಿಲ್ಲ.

ನಾಲ್ಕನೆಯ ಆವೃತ್ತಿಯನ್ನು ಬೈಯುವವರೇ ಹೆಚ್ಚು. ಆದರೆ ಈ ಒಂದು ವಿಷಯದಲ್ಲಿ ಅದನ್ನು ಮೀರಿಸಿದ ಆವೃತ್ತಿ ಬಂದಿಲ್ಲ ಎಂದು ನನ್ನ ಹಟ. ಅಲ್ಲಿ ನೆರವಿನ ಕ್ಲಾಸ್‌ಗಳಿಗೆ ಲೀಡರ್ ಎಂದು ಹೆಸರಿಟ್ಟರು. ದೇವರ ಬಲದಿಂದ ಗಾಯ ಮಾಯಿಸುವ ಕ್ಲೆರಿಕ್‌ನ ಹೀಲಿಂಗ್ ವರ್ಡ್ ಒಂದು ಚಿಕ್ಕ ಕ್ರಿಯೆ. ಅದನ್ನು ಹೇಳಿಯೂ ಅದೇ ಸರದಿಯಲ್ಲಿ ಗದೆ ಬೀಸಬಹುದಿತ್ತು. ಅದಕ್ಕಿಂತ ಮುಖ್ಯವಾದದ್ದು, ಗಾಯ ಮಾಯಿಸುವ ಬಲ ವೈದ್ಯನ ಚೀಲದಿಂದ ಬರುತ್ತಿರಲಿಲ್ಲ. ಪ್ರತಿಯೊಬ್ಬನಿಗೂ ದಿನಕ್ಕಿಷ್ಟು ಹೀಲಿಂಗ್ ಸರ್ಜ್ ಇರುತ್ತಿತ್ತು, ಒಂದೊಂದೂ ಅವನ ಒಟ್ಟು ಹಿಟ್ ಪಾಯಿಂಟ್‌ನ ಕಾಲು ಭಾಗ. ಲೀಡರ್ ಆ ಉಗ್ರಾಣದ ಬಾಗಿಲು ತೆರೆಯುವವನು ಅಷ್ಟೇ. ಖರ್ಚಾಗುವುದು ಪಡೆಯುವವನ ಗಂಟು. ಆಗ "ನನಗೆ ಬೇಡ, ಉಳಿದಿರುವುದು ಎರಡೇ, ಅವಳಿಗೆ ಕೊಡು" ಎಂಬ ಮಾತು ಮೇಜಿನ ಸುತ್ತ ಹುಟ್ಟುತ್ತದೆ. ವೈದ್ಯ ಆ ಮಾತಿನ ನಡುವೆ ಇರುತ್ತಾನೆ, ಮೊಬೈಲ್ ಹಿಡಿಯಲು ಪುರಸೊತ್ತಿರುವುದಿಲ್ಲ.

ಐದನೆಯ ಆವೃತ್ತಿಗೆ ಇದನ್ನು ತರುವುದು ಕಷ್ಟವಲ್ಲ. ಚಿಕ್ಕ ವಿಶ್ರಾಂತಿಯಲ್ಲಿ ತಮ್ಮ ಗಾಯ ತಾವೇ ಮಾಯಿಸಿಕೊಳ್ಳಲು ಪ್ರತಿಯೊಬ್ಬರೂ ಖರ್ಚು ಮಾಡುವ ಹಿಟ್ ಡೈಸ್ ಎಂಬ ದಾಳ ಇದೆಯಲ್ಲ, ನಿಮ್ಮ ವೈದ್ಯ ಅದನ್ನು ಕಾಳಗದ ನಡುವೆಯೇ ಖರ್ಚು ಮಾಡಿಸಲಿ. ನನ್ನ ಗುಂಪಿನಲ್ಲಿ ಎರಡು ವರ್ಷ ಹೀಗೆ ಆಡಿದೆವು. ಒಂದು ತಪ್ಪನ್ನೂ ಹೇಳಿಬಿಡುತ್ತೇನೆ: ಅದರ ಜೊತೆಗೆ, ಸೊನ್ನೆಗೆ ಬಿದ್ದು ಎದ್ದಾಗಲೆಲ್ಲ ಒಂದು ಹಂತದ ಎಕ್ಸಾಶನ್ (ಪಾತ್ರದ ಬಲ ಕುಗ್ಗಿಸುವ ದಣಿವು) ಎಂಬ ಮನೆ ನಿಯಮವನ್ನೂ ಹೇರಿದ್ದೆ. ವೈದ್ಯನ ಬೆಲೆ ಏರಿತು, ನಿಜ. ಆದರೆ ಮುಂದೆ ನಿಂತು ಏಟು ತಿನ್ನುವ ಬಾರ್ಬೇರಿಯನ್ ಮೂರನೆಯ ಕಾಳಗಕ್ಕೆ ಕೋಲೂರುವ ಮುದುಕನಾಗುತ್ತಿದ್ದ. ಒಬ್ಬರ ಬೇಸರವನ್ನು ಇನ್ನೊಬ್ಬರಿಗೆ ದಾಟಿಸಿದ್ದೆ, ಅಷ್ಟೇ. ದಿನಕ್ಕೆ ಮೊದಲ ಸಲ ಬಿದ್ದದ್ದನ್ನು ಮನ್ನಾ ಮಾಡಿದ ಮೇಲೆ ಸರಿಹೋಯಿತು.

ಹಳೆಯ ನಿಯಮಗಳ ಹುಚ್ಚು ಇರುವವನು:

ಒಂದೇ ಮಾತು. 1974ರ ಮೊದಲ ಆವೃತ್ತಿಯಲ್ಲಿ ಕ್ಲೆರಿಕ್‌ಗೆ ಮೊದಲ ಹಂತದಲ್ಲಿ ಒಂದು ಮಂತ್ರವೂ ಇರಲಿಲ್ಲ! ಕವಚ ತೊಟ್ಟು, ಗದೆ ಹಿಡಿದು, ಸತ್ತು ಎದ್ದ ಪ್ರೇತಗಳನ್ನು ಓಡಿಸುವವನು ಅವನು. ಈ ಆಟ ರೂಪಿಸಿದ ಇಬ್ಬರಲ್ಲಿ ಒಬ್ಬನಾದ ಡೇವ್ ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಆಟಗಾರನೊಬ್ಬನ ರಕ್ತಪಿಶಾಚಿ ಪಾತ್ರ ಮಿತಿಮೀರಿ ಬಲಿತಿತ್ತು. ಅದಕ್ಕೆ ಎದುರಾಳಿಯಾಗಿ ಹುಟ್ಟಿದ ಪಾತ್ರ ಇದು. ಮೊದಲು ಅವನಿಗೊಬ್ಬ ಶತ್ರು ಇದ್ದ, ಮುಲಾಮು ಆಮೇಲೆ ಬಂತು. ನಿಮ್ಮ ವೈದ್ಯನಿಗೆ ಶತ್ರು ಯಾರು?

ಮೂರು ವರ್ಷ ಬಾರ್ಡ್ ಆಡಿದವಳು:

ಬಾರ್ಡ್ ಎಂದರೆ ಹಾಡುಗಾರ ಪಾತ್ರ, ಆದ್ದರಿಂದ ವಂದಿಯ ಬಗ್ಗೆ ನಾನು ಹೇಳುತ್ತೇನೆ. "ಎಲ್ಲರಿಗೂ ಎರಡು ಹೆಚ್ಚು" ಎಂದು ಬರೆದರೆ ಎಲ್ಲರೂ ಮರೆಯುತ್ತಾರೆ. ನೆನಪಿಟ್ಟುಕೊಂಡು ಸೇರಿಸಿದರೂ ಹೊಡೆದವರು ತಾವೇ ಹೊಡೆದೆವು ಎಂದುಕೊಳ್ಳುತ್ತಾರೆ. ಸಂತೆಯ ಗದ್ದಲದಲ್ಲಿ ಶ್ರುತಿಪೆಟ್ಟಿಗೆ ನುಡಿಸಿದ ಹಾಗೆ.

ಬ್ಲೆಸ್ ಮಂತ್ರವನ್ನೇ ನೋಡಿ. ಮೂವರ ದಾಳಿಗೆ ನಾಲ್ಕು ಮುಖದ ದಾಳವೊಂದು ಸೇರುತ್ತದೆ, ಸರಾಸರಿ ಎರಡೂವರೆ. ದಾಳಿಗೆ ಉರುಳಿಸುವುದು ಇಪ್ಪತ್ತು ಮುಖದ ದಾಳ, ಅಂದರೆ ಸುಮಾರು ಎಂಟು ದಾಳಿಗೆ ಒಂದು ಏಟು ಹೆಚ್ಚಾಗಿ ತಗಲುತ್ತದೆ. ತುಂಬಾ ಒಳ್ಳೆಯ ಮಂತ್ರ. ಆದರೆ ಆ ಒಂದು ಏಟು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಹಾಕಿದವಳಿಗೂ! ಬಾರ್ಡ್ ಕೊಡುವ ಇನ್‌ಸ್ಪಿರೇಶನ್ ದಾಳ ಹಾಗಲ್ಲ. ಅದನ್ನು ಪಡೆದವರು ಇಪ್ಪತ್ತು ಮುಖದ ದಾಳ ಉರುಳಿದ ಮೇಲೆ, ಸಾಲದು ಅನ್ನಿಸಿದಾಗ ಬಳಸಬಹುದು. ಆ ಕ್ಷಣದಲ್ಲಿ ಎಲ್ಲರ ಕಣ್ಣೂ ಒಂದು ಪುಟ್ಟ ದಾಳದ ಮೇಲೆ ಇರುತ್ತದೆ, ಅದು ಕೊಟ್ಟದ್ದು ನಾನು. 2024ರ ನಿಯಮ ಇನ್ನೂ ನೇರ: ಪ್ರಯತ್ನ ಸೋತಿತು ಎಂದು ಗೊತ್ತಾದ ಮೇಲೆಯೇ ಬಳಸುವುದು. ಆದ್ದರಿಂದ ದಾಳ ಪೋಲಾಗುವ ಭಯವೂ ಕಡಿಮೆ.

ನಾನು ಇದಕ್ಕೆ ಒಂದು ಕವಡೆ ಸೇರಿಸಿದೆ. ಅಜ್ಜಿಯ ಮನೆಯಲ್ಲಿ ಚೌಕಾಬಾರ ಆಡುತ್ತಿದ್ದ ಹಳೆಯ ಕವಡೆಗಳು. ಇನ್‌ಸ್ಪಿರೇಶನ್ ಕೊಟ್ಟಾಗ ಎದ್ದುಹೋಗಿ ಕವಡೆಯನ್ನು ಅವರ ಕೈಯಲ್ಲಿಡುತ್ತಿದ್ದೆ. ಬಳಸಿದಾಗ ನನಗೆ ಹಿಂದಿರುಗಿಸಬೇಕು. ನಿಯಮದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಆದರೆ ಮರೆಯುವುದು ನಿಂತಿತು, ಕವಡೆ ವಾಪಸು ಕೊಡುವಾಗ ನನ್ನ ಮುಖ ನೋಡಿ ನಗುವುದು ಶುರುವಾಯಿತು. ಮೂರು ವರ್ಷ ಆ ಪಾತ್ರ ಬಿಡದಿದ್ದುದಕ್ಕೆ ಅದೇ ಕಾರಣ ಇರಬೇಕು. (ಒಬ್ಬಾತ ನನ್ನ ಎರಡು ಕವಡೆ ಇನ್ನೂ ಹಿಂದಿರುಗಿಸಿಲ್ಲ. ಇದನ್ನು ಓದುತ್ತಿದ್ದರೆ ದಯವಿಟ್ಟು ಕೊಡಪ್ಪ.)

ಲೆಕ್ಕದವನು:

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಚಿಕ್ಕ ಸಂಖ್ಯೆ ಎಂದರೆ ಯಾವಾಗಲೂ ಕಾಣದ ಸಂಖ್ಯೆ ಎಂದಲ್ಲ. ಪಾತ್‌ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದ ಎರಡನೆಯ ಆವೃತ್ತಿಯಲ್ಲಿ ಬಾರ್ಡ್ ಹಾಡಿದರೆ ಸಿಗುವುದು ಬರೀ ಒಂದು. ಅಲ್ಲಿ ಗುರಿಸಂಖ್ಯೆಯನ್ನು ಹತ್ತರಿಂದ ಮೀರಿದರೆ ಕ್ರಿಟಿಕಲ್. ಹಾಗಾಗಿ ಆ ಒಂದು ಸಾಮಾನ್ಯವಾಗಿ ದಾಳದ ಎರಡು ಮುಖಗಳ ಫಲ ಬದಲಿಸುತ್ತದೆ: ತಪ್ಪಬೇಕಿದ್ದದ್ದು ತಗಲುತ್ತದೆ, ತಗಲಬೇಕಿದ್ದದ್ದು ಇಮ್ಮಡಿಯಾಗುತ್ತದೆ. ಒಂದೇ ಜಾತಿಯ ಎರಡು ಬೋನಸ್ ಒಟ್ಟಿಗೆ ಸೇರುವುದಿಲ್ಲ ಎಂಬ ಬೇಲಿಯೂ ಅಲ್ಲಿದೆ. ನಿಮ್ಮಲ್ಲಿ ಆ ಬೇಲಿ ಇಲ್ಲ. ವಂದಿಯ ಎರಡು, ಬ್ಲೆಸ್‌ನ ದಾಳ, ಇನ್ಯಾವುದೋ ಮಂತ್ರದ್ದು ಎಲ್ಲ ಒಂದರ ಮೇಲೊಂದು ಕೂತರೆ ಐದನೇ ಹಂತದ ಹೊತ್ತಿಗೆ ಯಾರ ಏಟೂ ತಪ್ಪುವುದಿಲ್ಲ. ಈಗಲೇ ಒಂದು ಸಾಲು ಬರೆದಿಡಿ.

ಸಾರಥಿಯ ಜಗಳ ಯಾವುದರ ಬಗ್ಗೆ ಎಂದು ನೀವು ಹೇಳಲಿಲ್ಲ. ಊಹಿಸುತ್ತೇನೆ: ತನ್ನ ಸರದಿಯಲ್ಲಿ ಬೇರೊಬ್ಬರಿಂದ ದಾಳಿ ಮಾಡಿಸುವ ಶಕ್ತಿ ಕೊಟ್ಟಿದ್ದೀರಿ, ಅದು ಪ್ರತಿ ಸಲ ಒಬ್ಬರಿಗೇ ಹೋಯಿತು, ಅವರು ರೋಗ್, ಹೊಂಚುಹಾಕಿ ಹೊಡೆಯುವ ಪಾತ್ರ. ರೋಗ್‌ನ ಸ್ನೀಕ್ ಅಟ್ಯಾಕ್, ಅಂದರೆ ಹೊಂಚಿನ ಏಟಿನ ಹೆಚ್ಚುವರಿ ಹಾನಿ, ಎಲ್ಲರ ಸರದಿ ಸೇರಿದ ಒಂದು ಸುತ್ತಿನಲ್ಲಿ ಒಮ್ಮೆ ಅಲ್ಲ, ಪ್ರತಿ ಸರದಿಯಲ್ಲೂ ಒಮ್ಮೆ. ಬೇರೆಯವರ ಸರದಿಯಲ್ಲಿ ಹೊಡೆಸಿದರೆ ಮತ್ತೊಮ್ಮೆ ಪೂರ್ತಿ ಸಿಗುತ್ತದೆ. ಬ್ಯಾಟಲ್ ಮಾಸ್ಟರ್ ಎಂಬ ಯೋಧ ಪಾತ್ರದ, ಜೊತೆಗಾರನಿಂದ ದಾಳಿ ಮಾಡಿಸುವ ಕಮಾಂಡರ್ಸ್ ಸ್ಟ್ರೈಕ್‌ನಲ್ಲಿಯೂ ಇದೇ ಆಗುತ್ತಿತ್ತು; ಆದರೆ ಅದಕ್ಕೆ ತನ್ನ ಒಂದು ದಾಳಿ, ಬೋನಸ್ ಆ್ಯಕ್ಷನ್ (ಸರದಿಯ ಕಿರು ಕ್ರಿಯೆ), ಒಂದು ವಿಶೇಷ ದಾಳ, ಜೊತೆಗಾರನ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡುವ ಮರುಕ್ರಿಯೆ) ಇಷ್ಟೂ ಬೆಲೆ ಇತ್ತು. ನೀವು ಪುಕ್ಕಟೆ ಕೊಟ್ಟಿದ್ದರೆ ಜಗಳ ಬರದೆ ಇರುತ್ತದೆಯೇ? "ಬೇರೊಬ್ಬರಿಗೆ ಕೊಟ್ಟ ಹೊರತು ಅದೇ ಜೊತೆಗಾರನಿಗೆ ಎರಡನೆಯ ಸಲ ಕೊಡುವಂತಿಲ್ಲ" ಎಂದು ಸೇರಿಸಿ ನೋಡಿ.

ತಾಳಮದ್ದಳೆಯ ಚಟದವನು:

ಸಾರಥಿ ಎಂಬ ಹೆಸರು ಇಟ್ಟ ಮೇಲೆ ಕರ್ಣಪರ್ವವನ್ನು ಒಮ್ಮೆ ನೆನೆಯಬೇಡವೇ? ಅಲ್ಲಿ ಇಬ್ಬರು ಸಾರಥಿಗಳು ಎದುರೆದುರು ಇದ್ದಾರೆ. ಸರ್ಪಾಸ್ತ್ರ ಹೂಡಿದಾಗ ಗುರಿ ಬದಲಿಸು ಎಂದು ಶಲ್ಯ ಹೇಳುತ್ತಾನೆ, ಕರ್ಣ ಕೇಳುವುದಿಲ್ಲ. ಆ ಕಡೆ ಕೃಷ್ಣ ಅರ್ಜುನನನ್ನು ಏನೂ ಕೇಳುವುದಿಲ್ಲ. ಬಾಣ ಬರುತ್ತಿರುವುದನ್ನು ನೋಡಿ ರಥವನ್ನೇ ನೆಲಕ್ಕೆ ಒತ್ತುತ್ತಾನೆ. ತಲೆ ಉಳಿಯಿತು, ಕಿರೀಟ ಹೋಯಿತು.

ನಿಮ್ಮ ಕ್ಲಾಸ್ ಇದರಲ್ಲೇ ಇದೆ. ಶಲ್ಯನದು ಸಲಹೆ: ಕೇಳಿದರೆ ಲಾಭ, ಕೇಳದಿರುವ ಹಕ್ಕು ಆಟಗಾರನದು. ಜೊತೆಗಾರನನ್ನು ಮುಂದೆ ತಳ್ಳುವ ಶಕ್ತಿಗಳೆಲ್ಲ ಈ ಜಾತಿಗೆ ಸೇರಲಿ, ಒಪ್ಪಿಗೆ ಇಲ್ಲದೆ ನಡೆಯದಿರಲಿ. ನನ್ನ ಪಾತ್ರವನ್ನು ನನ್ನನ್ನು ಕೇಳದೆ ಬೆಂಕಿಯ ಪಕ್ಕಕ್ಕೆ ಸರಿಸಿದ ಒಬ್ಬ ಮಹಾನುಭಾವನೊಡನೆ ನಾನು ಒಂದು ತಿಂಗಳು ಮಾತು ಬಿಟ್ಟಿದ್ದೆ. ಕೃಷ್ಣನದು ರಿಯಾಕ್ಷನ್: ಶತ್ರುವಿನ ದಾಳ ಬಿದ್ದು, ಏಟು ತಗಲಿತು ಎಂದ ಮೇಲೆ ಬಳಸುವಂಥದ್ದು. ಕಾಪಾಡುವುದಕ್ಕೆ ಅಪ್ಪಣೆ ಬೇಕಿಲ್ಲ. ಆದರೆ ಕಿರೀಟ ಮಾತ್ರ ಹೋಗಲೇಬೇಕು.

ಒಪ್ಪದವಳು:

ಎಲ್ಲರೂ ಕಾಣಬೇಕು, ಕಾಣಬೇಕು ಎನ್ನುತ್ತಿದ್ದೀರಿ. ನಾನು ವಾರವಿಡೀ ಕಚೇರಿಯಲ್ಲಿ ಹತ್ತು ಜನರಿಗೆ ಉತ್ತರ ಕೊಟ್ಟು ಬಂದು, ಶನಿವಾರ ರಾತ್ರಿ ಒಂದು ಮೂಲೆಯಲ್ಲಿ ಕೂತು ಬ್ಲೆಸ್ ಹಾಕಿ, ಉಳಿದವರ ಗಲಾಟೆ ನೋಡುತ್ತ ಚಕ್ಕುಲಿ ತಿನ್ನಲು ಬರುತ್ತೇನೆ. ಸುಮ್ಮನೆ ಇರುವ ಪಾತ್ರವನ್ನು ಬೇಕೆಂದೇ ಆರಿಸಿಕೊಳ್ಳುವವರೂ ಇದ್ದೇವೆ. ಪ್ರತಿ ಸರದಿಯಲ್ಲೂ ನನ್ನಿಂದ ತೀರ್ಮಾನ ಕೇಳುವ ವೈದ್ಯನನ್ನು ಬರೆದರೆ ನಾನು ಬಾರ್ಬೇರಿಯನ್ ಆಡುತ್ತೇನೆ. ಕ್ಲಾಸ್ ತಿದ್ದುವ ಮೊದಲು ಗೆಳೆಯನನ್ನು ಕೇಳಿ: ಬೇಸರವಾಗಿತ್ತೋ, ಅಥವಾ ಅವನಿಗೆ ಬೇಕಾಗಿದ್ದುದೇ ಅದೋ?

ಕೇಳಿದವರು, ಮೂರು ವಾರಗಳ ನಂತರ:

ಕೇಳಿದೆ. ಬೇಸರವೇ ಆಗಿತ್ತಂತೆ. "ನೀನು ಬರೆದದ್ದು ಎಂದು ಸುಮ್ಮನಿದ್ದೆ" ಎಂದ.

ಲೆಕ್ಕದವರ ಊಹೆ ಅಕ್ಷರಶಃ ನಿಜ, ರೋಗ್ ಸೇರಿದಂತೆ. ಹಾಗಾಗಿ ದಾಳಿ ಮಾಡಿಸುವುದನ್ನು ಅವರ ಷರತ್ತಿನೊಡನೆ ಉಳಿಸಿದೆ. ಹೊಸದಾಗಿ ಸೇರಿಸಿದ್ದು "ರಥ ಒತ್ತು": ಅರವತ್ತು ಅಡಿಯೊಳಗಿನ ಜೊತೆಗಾರನಿಗೆ ತಗಲಿದ ಏಟನ್ನು ರಿಯಾಕ್ಷನ್‌ನಲ್ಲಿ ತಪ್ಪಿಸಬಹುದು, ದೀರ್ಘ ವಿಶ್ರಾಂತಿಗೆ ಎರಡು ಸಲ. ಆದರೆ ಆ ಜೊತೆಗಾರ ಮೈಮೇಲಿನ ಒಂದು ವಸ್ತು ಕಳೆದುಕೊಳ್ಳಬೇಕು. ಯಾವುದು ಎಂಬುದು ಅವನ ಆಯ್ಕೆ. ಎರಡು ಆಟಗಳಲ್ಲಿ ಒಂದು ಗುರಾಣಿ, ಒಂದು ಎಡಗಾಲಿನ ಚಪ್ಪಲಿ, ಯಾರೋ ಕೊಟ್ಟ ಪ್ರೇಮಪತ್ರ ಹೋಗಿವೆ. ಪ್ರೇಮಪತ್ರಕ್ಕಾಗಿ ಮಾಂತ್ರಿಕ ಹತ್ತು ನಿಮಿಷ ಯೋಚಿಸಿದ.

ವೈದ್ಯನ ಮಂತ್ರಗಳನ್ನೆಲ್ಲ ತೆಗೆದುಹಾಕಿ ಹಿಟ್ ಡೈಸ್ ಪದ್ಧತಿಗೆ ತಂದೆ. ಅವನಿಗೆ ಒಬ್ಬ ಶತ್ರುವೂ ಸಿಕ್ಕಿದ್ದಾನೆ: ವಿಷ. ಹಾವು, ಚೇಳು, ವಿಷ ಸವರಿದ ಬಾಣ ಎದುರಾದಾಗ ಅವನೇ ಮುಂದೆ ನಡೆಯುತ್ತಾನೆ. ವಂದಿಗೆ ಕವಡೆ ಹುಡುಕಿದೆ, ಸಿಗಲಿಲ್ಲ, ಸದ್ಯಕ್ಕೆ ಹುಣಸೆಬೀಜ. ಅವು ಸೋಫಾದ ಸಂದಿಯಲ್ಲಿ ಮಾಯವಾಗುತ್ತಿವೆ.

ಮೊನ್ನೆಯ ಆಟ ನಾಲ್ಕು ಗಂಟೆ ನಡೆಯಿತು. ವೈದ್ಯ ಮೊಬೈಲ್ ತೆಗೆದದ್ದು ಒಂದೇ ಸಲ, ಅವನ ತಾಯಿಯ ಕರೆ ಬಂದಾಗ. "ಅಮ್ಮಾ, ಇಬ್ಬರು ಸಾಯುತ್ತಿದ್ದಾರೆ, ಆಮೇಲೆ ಮಾಡುತ್ತೇನೆ" ಎಂದು ಇಟ್ಟುಬಿಟ್ಟ. ಅವರು ಗಾಬರಿಯಾಗಿ ನನಗೆ ಕರೆ ಮಾಡಿದರು.