ಅಪ್‌ಡೇಟ್: ಸೌತೆಕಾಯಿ ಸ್ಯಾಂಡ್‌ವಿಚ್ ಸಮಸ್ಯೆ ಬಗೆಹರಿಯಿತು

ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ (1895) ನಾಟಕವನ್ನು ವಿದ್ಯಾರ್ಥಿಗಳಿಂದ ಆಡಿಸುವಾಗ, ಮೊದಲ ಅಂಕದಲ್ಲಿ ಆಲ್ಜರ್ನನ್ ಪಾತ್ರಧಾರಿ ಸೌತೆಕಾಯಿ ಸ್ಯಾಂಡ್‌ವಿಚ್ ತಿನ್ನುತ್ತಾ ಮಾತಾಡಿದರೆ ಮಾತೇ ಕೇಳಿಸುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಕೊಟ್ಟ ಸಲಹೆ ಫಲಿಸಿತು.

ಸೌತೆಕಾಯಿಯ ಸಿಪ್ಪೆ, ಬೀಜ ತೆಗೆದು, ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಹಿಂಡಿಬಿಡಿ. ನೀರು ಉಳಿದರೆ ಬ್ರೆಡ್ ಮುದ್ದೆಯಾಗಿ ಅಂಗುಳಕ್ಕೆ ಅಂಟುತ್ತದೆ, ತೊಡಕಿನ ಮೂಲ ಅದೇ. ಬ್ರೆಡ್ಡಿನ ಅಂಚು ಕತ್ತರಿಸಿ, ಒಂದೇ ತುತ್ತಿಗಾಗುವಷ್ಟು ಚಿಕ್ಕ ತುಂಡು ಮಾಡಿ. ಎದುರಿನವರ ಮಾತು ಶುರುವಾದಾಗಲೇ ಬಾಯಿಗಿಡಬೇಕು. ತಿಂದಂತೆ ನಟಿಸುವುದು ಮಾತ್ರ ಬೇಡ. ಸ್ಯಾಂಡ್‌ವಿಚ್ ಮಾಡಿಸಿದ್ದೇ ಆಲ್ಜರ್ನನ್‌ನ ತಾಯಿಯ ಸೋದರಿ ಲೇಡಿ ಬ್ರಾಕ್ನೆಲ್‌ಗಾಗಿ; ಅವಳಿಗೆ ಕೊಡಲು ಹೋದಾಗ ತಟ್ಟೆ ಖಾಲಿ ಇದ್ದರೇ ಪ್ರೇಕ್ಷಕರಲ್ಲಿ ನಗು ಹುಟ್ಟುವುದು. ಹಾಗಾಗಿ ತುಂಡುಗಳನ್ನು ಎಣಿಸಿಯೇ ಇಡಿ, ಯಾವ ಮಾತಿಗೆ ಯಾವ ತುಂಡು ಅಂತ ಸ್ಕ್ರಿಪ್ಟ್‌ನಲ್ಲಿ ಗುರುತು ಹಾಕಿ.

ಎರಡನೇ ಅಂಕದಲ್ಲಿ ಆಲ್ಜರ್ನನ್ ತಿನ್ನುವ ಮಫಿನ್‌ಗೆ ಬದಲಾಗಿ ಮೆತ್ತನೆಯ ಹಾಲಿನ ಬನ್ ಬಳಸಿದೆವು. ಪುಡಿ ಗಂಟಲಿಗೆ ಹೋಗಿ ಕೆಮ್ಮು ಬರುವುದೂ ನಿಂತಿತು.